ಹೊಸ್ತು ಉಣ್ಣುವ ಮೊದಲು

ಜಪಾನಿನಲ್ಲಿ ಅಕ್ಕಿಯ ಚೀಲದ ಮೇಲೆ ಅದು ಯಾವ ವರ್ಷದ ಬೆಳೆ ಎಂಬುದನ್ನು ಅಚ್ಚು ಹಾಕಿರುತ್ತಾರೆ. ಒಸಾಕಾಕ್ಕೆ ಹೋದ ಮೇಲೆ ನಾನು ಓದಲು ಕಲಿತ ಮೊದಮೊದಲ ಅಕ್ಷರಗಳಲ್ಲಿ ಅವೂ ಸೇರಿದ್ದವು. ಸೆಪ್ಟೆಂಬರ್ ಬಂದರೆ ಅಂಗಡಿಗಳ ಮುಂದೆ ‘ಹೊಸ ಅಕ್ಕಿ’ ಎಂದು ಬರೆದ ಉದ್ದನೆಯ ಬಟ್ಟೆಯ ಬಾವುಟಗಳು ನಿಲ್ಲುತ್ತವೆ. ಅನ್ನದ ಉಂಡೆಯ ಪೊಟ್ಟಣದ ಮೇಲೂ ಅದೇ ಮಾತಿನ ಚೀಟಿ ಅಂಟಿಸಿರುತ್ತಾರೆ. ಅಲ್ಲಿನವರು ಆ ಬಾವುಟಕ್ಕಾಗಿ ಕಾಯುತ್ತಾರೆ. ನಾನು ಅದನ್ನು ದಾಟಿ ಒಳಗೆ ಹೋಗಿ, ಕೆಳಗಿನ ಸಾಲಿನಲ್ಲಿ ಉಳಿದಿರಬಹುದಾದ ಹಿಂದಿನ ವರ್ಷದ ಚೀಲ ಹುಡುಕುತ್ತಿದ್ದೆ. ಅದು ಸಿಗದಿದ್ದರೆ ಆ ವಾರವೆಲ್ಲ ಉದೋನ್ ಎಂಬ ದಪ್ಪ ಶ್ಯಾವಿಗೆ, ಇಲ್ಲವೇ ಬ್ರೆಡ್.

ಹೊಸ ಅಕ್ಕಿಯ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಮನೆಯಲ್ಲಿ ಹೊಸ್ತು ಆಗದೆ ಅದನ್ನು ಬಾಯಿಗೆ ಹಾಕುವ ಕ್ರಮ ನಮ್ಮಲ್ಲಿಲ್ಲ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಹೊಸ್ತು ನಿಂತುಹೋಗಿತ್ತು.

ನಮ್ಮ ಮನೆ ಬಸ್ರೂರಿನ ಹತ್ತಿರ. ವರ್ಷದ ಮೊದಲ ಕದಿರನ್ನು ಮನೆಗೆ ತಂದು ಹೊಸ ಅಕ್ಕಿ ಉಣ್ಣುವ ದಿನವನ್ನು ನಾವು ಹೊಸ್ತು ಎನ್ನುತ್ತೇವೆ. ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಗದ್ದೆಯಿಂದ ಕದಿರು ಕೊಯ್ದು ತಲೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದ. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಯೊಳಗೆ ಒಂದೆರಡು ಕದಿರು ಸೇರಿಸಿ ಸಣ್ಣ ಸಣ್ಣ ಕಟ್ಟು ಮಾಡಿ, ಮನೆಯಲ್ಲಿ ಏನೇನಿದೆಯೋ ಎಲ್ಲಕ್ಕೂ ಕಟ್ಟುತ್ತಿದ್ದೆವು: ಬಾಗಿಲಿಗೆ, ಬಾವಿಯ ರಾಟೆಗೆ, ಅಕ್ಕಿಯ ಡಬ್ಬಕ್ಕೆ, ತೆಂಗಿನ ಮರಕ್ಕೆ, ಅಣ್ಣನ ಸ್ಕೂಟರಿಗೆ. ಒಂದಿಷ್ಟು ಭತ್ತವನ್ನು ಉಗುರಿನಲ್ಲಿ ಸುಲಿದು ಪಾಯಸಕ್ಕೆ ಹಾಕುತ್ತಿದ್ದೆವು.

ಊಟಕ್ಕೆ ಕೂತ ಮೇಲೆ ಇನ್ನೊಂದು ಕ್ರಮವಿತ್ತು. ಕೈ ಎಲೆಗೆ ಹೋಗುವ ಮೊದಲು ಪ್ರತಿಯೊಬ್ಬರೂ ತಮಗಿಂತ ಹಿರಿಯರಾದವರನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು. ಅಣ್ಣ ಅಮ್ಮನನ್ನು ಕೇಳುತ್ತಿದ್ದ, “ಅಮ್ಮ, ಹೊಸ್ತ್ ಉಂತೆ.” ಉಣ್ಣುತ್ತೇನೆ, ಆಗಬಹುದೇ ಎಂದು ಅರ್ಥ. ಅಮ್ಮ, “ಉಣ್ ಮಗಾ” ಎನ್ನಬೇಕು. ನಾನು ಅಮ್ಮನನ್ನೂ ಅಣ್ಣನನ್ನೂ ಅತ್ತಿಗೆಯನ್ನೂ ಕೇಳಬೇಕು. ಅಣ್ಣನ ಮಗಳು ಎಲ್ಲರನ್ನೂ ಕೇಳಬೇಕು.

“ನಿಮ್ಮೆಲ್ಲರ್ನ ಕೇಣಿ ಮುಗುದ್ರೊಳ್ಗೆ ನನ್ನ ಹಸುವೇ ಹೋತ್” ಎಂದು ಅವಳು ಹಸಿವು ತಾಳದೆ ಗೊಣಗಿದರೆ, ಅಮ್ಮ, “ಹೋಯ್ಲಿ. ಹಸು ನಾಳೆಯೂ ಬತ್ತ್. ಕೇಣ್” ಎನ್ನುತ್ತಿದ್ದಳು.

ಅಪ್ಪ ತೀರಿಹೋದ ಮೇಲೆ ಅಮ್ಮನಿಗೆ ಮನೆಯೊಳಗೆ ಹಿರಿಯರೆಂದು ಯಾರೂ ಉಳಿದಿರಲಿಲ್ಲ. ಆಕೆ ಎಲ್ಲರಿಗೂ ಉಣ್ಣಿ ಎಂದು ಹೇಳಿ, ತಾನು ಎದ್ದು ಹಿತ್ತಿಲ ಬೇಲಿಯ ಹತ್ತಿರ ಹೋಗಿ ಆಚೆ ಮನೆಯ ಅಜ್ಜಿಯನ್ನು ಕೂಗುತ್ತಿದ್ದಳು. “ಹ್ವಾಯ್, ಹೊಸ್ತ್ ಉಂತೆ.” ಬೇಲಿಯಾಚೆಯಿಂದ ಉತ್ತರ ಬರುತ್ತಿತ್ತು: “ಉಣ್ಣೆ, ಉಣ್. ನಂಗೆ ಪಾಯ್ಸ ಕಳ್ಸುಕೆ ಮರಿಬ್ಯಾಡ.”

ನಾನು ಒಸಾಕಾದ ಒಂದು ಸುದ್ದಿಸಂಸ್ಥೆಯ ಇಂಗ್ಲಿಷ್ ವಿಭಾಗಕ್ಕೆ ಕೆಲಸಕ್ಕೆ ಹೋದ ವರ್ಷವೇ, ಮಳೆಗಾಲದಲ್ಲಿ, ಅಮ್ಮ ತೀರಿಕೊಂಡಳು. ಊರಿಗೆ ಬಂದು ಕ್ರಿಯೆಗಳನ್ನು ಮುಗಿಸಿ ಹಿಂದಿರುಗಿದೆ. ಸಾವಾದ ವರ್ಷ ಹಬ್ಬ ಮಾಡುವುದಿಲ್ಲ, ಹಾಗಾಗಿ ಆ ವರ್ಷ ಹೊಸ್ತು ಇರಲಿಲ್ಲ. ಮರುವರ್ಷ ಹೊಸ್ತಿನ ದಿನ ಯಾವುದೆಂದು ಬೇರೆಯವರಿಂದ ತಿಳಿದುಕೊಂಡು, ಆ ಸಂಜೆ ನಾನೇ ಫೋನ್ ಮಾಡಿದೆ. ಎತ್ತಿದ್ದು ಅತ್ತಿಗೆ.

“ಈ ವರ್ಷವೂ ಇಲ್ಲೆ ಮಾರಾಯ್ತಿ. ಅವ್ರ್ ಬ್ಯಾಡ ಅಂದ್ರ್.”

“ಎಂತಕ್ಕೆ?”

“ನಂಗೆ ಗೊತ್ತಿಲ್ಲೆ. ನೀನೇ ಕೇಣ್.”

ಕೇಳಿದೆ. ಮನೆಯ ಮುಂದಿನ ಗದ್ದೆಗೆ ಮಣ್ಣು ತುಂಬಿಸಿಯಾಗಿತ್ತು ಎಂಬುದು ಆಗ ತಿಳಿಯಿತು. “ಗದ್ದೆ ಇಲ್ದೆ ಎಂತ ಹೊಸ್ತ್? ನೀ ಬಂದ್ ನಟ್ಟಿ ಮಾಡ್ತ್ಯಾ?” ಎಂದು ಅಣ್ಣ ಕೇಳಿದ. ಅಲ್ಲಿಗೆ ಮಾತು ನಿಂತಿತು. ಜಗಳವಾಯಿತೆಂದು ಹೇಳುವಂತಿಲ್ಲ. ಅವನು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಅತ್ತಿಗೆಯ ಮೂಲಕ ತಲುಪುತ್ತಿತ್ತು. ಹೊಸ ಅಕ್ಕಿ ಉಣ್ಣಬೇಕಾದರೆ ನಾನು ಮೊದಲು ಕೇಳಬೇಕಾಗಿದ್ದುದು ಅವನನ್ನು. ಕೇಳದಿದ್ದ ಮೇಲೆ ಉಣ್ಣುವಂತಿರಲಿಲ್ಲ.

ಗದ್ದೆಯ ಕಾರಣವನ್ನು ನಾನು ಪೂರ್ತಿ ನಂಬಲಿಲ್ಲ ಎಂಬುದನ್ನೂ ಹೇಳಬೇಕು. ಗದ್ದೆ ಇಲ್ಲದವರು ಕುಂದಾಪುರದ ಪೇಟೆಯಲ್ಲಿ, ಹೂವಿನ ಅಂಗಡಿಯಲ್ಲಿ ಕದಿರಿನ ಕಟ್ಟು ಕೊಂಡು ತಂದು ಹೊಸ್ತು ಮಾಡುತ್ತಾರೆ. ಅದು ಅಣ್ಣನಿಗೂ ಗೊತ್ತಿದೆ.

ರಜೆಯ ದಿನಗಳಲ್ಲಿ ನಾನು ಸುತ್ತಾಡುತ್ತಿದ್ದೆ. ಅಲ್ಲಿ ರೈಲು ಹೇಳಿದ ಹೊತ್ತಿಗೆ ಬರುತ್ತದೆ, ಹೇಳಿದ ಜಾಗದಲ್ಲಿ ನಿಲ್ಲುತ್ತದೆ. ಒಂಟಿಯಾಗಿ ಓಡಾಡುವವರಿಗೆ ಅದೊಂದು ದೊಡ್ಡ ಅನುಕೂಲ. ನಾರಾದಲ್ಲಿ ಜಿಂಕೆಗಳು ಬಿಸ್ಕತ್ತಿಗಾಗಿ ತಲೆಬಾಗುವುದನ್ನು ನೋಡಿದೆ. ಕ್ಯೋಟೋದ ಗುಡ್ಡವೊಂದರ ಮೇಲೆ ಕೆಂಪು ಕಮಾನುಗಳ ಸಾಲಿನೊಳಗೆ ಬೆವರಿಕೊಂಡು ಹತ್ತಿದೆ. ಅದು ಇನಾರಿಯ ಗುಡಿ, ಅಕ್ಕಿಯನ್ನು ಕಾಯುವ ದೇವರು. ಬಾಗಿಲಲ್ಲಿ ಕಲ್ಲಿನ ನರಿಗಳು ಕೂತಿರುತ್ತವೆ. ಅವುಗಳಲ್ಲಿ ಒಂದರ ಬಾಯಿಯಲ್ಲಿ ಭತ್ತದ ಕದಿರಿನ ಕಟ್ಟು ಇತ್ತು. ಪ್ರವಾಸಿಗರು ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಹಿಂದಿನವರಿಗೆ ಜಾಗ ಬಿಟ್ಟುಕೊಟ್ಟೆ. ಆ ಫೋಟೊ ತೆಗೆದರೆ ಅತ್ತಿಗೆಗೆ ಕಳಿಸುತ್ತಿದ್ದೆ, ಅತ್ತಿಗೆ ಅಣ್ಣನಿಗೆ ತೋರಿಸುತ್ತಿದ್ದಳು. ಹೊಸ್ತು ಬಿಟ್ಟ ಅವನನ್ನು ಚುಚ್ಚಿದ ಹಾಗೆ ಆಗುತ್ತಿತ್ತು.

ಡೆಸ್ಕಿನಲ್ಲಿ ನನ್ನ ಎರಡು ಮೇಜಿನಾಚೆ ಕೂರುತ್ತಿದ್ದ ಸಹೋದ್ಯೋಗಿಯೊಬ್ಬಳು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಯಾರೂ ಜೊತೆಗಿಲ್ಲದಿದ್ದರೂ, ಕೈ ಜೋಡಿಸಿ ಮೆಲ್ಲಗೆ ‘ಇತಾದಾಕಿಮಾಸ್’ ಎನ್ನುತ್ತಿದ್ದಳು. ಸ್ವೀಕರಿಸುತ್ತೇನೆ ಎಂಬ ಅರ್ಥ. ಯಾರಿಗೆ ಹೇಳುವುದು ಎಂದು ಒಮ್ಮೆ ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, “ಗೊತ್ತಿಲ್ಲ. ಬೆಳೆದವರಿಗೆ ಇರಬಹುದು. ಅಕ್ಕಿಗೇ ಇರಬಹುದು. ಅಮ್ಮನನ್ನು ಕೇಳಿ ಹೇಳುತ್ತೇನೆ” ಎಂದಳು. ಅದೇ ಮಾತು ಮುಂದುವರಿದು, ಮೂರನೇ ಶರತ್ಕಾಲದಲ್ಲಿ, ಹಿರಿಯರ ಗೌರವಕ್ಕೆಂದು ಕೊಡುವ ಸೆಪ್ಟೆಂಬರಿನ ರಜೆಗೆ ಆಕೆ ನನ್ನನ್ನು ತನ್ನ ತಾಯಿಯ ಮನೆಗೆ ಕರೆದಳು. ತಾಯಿಯ ಮನೆ ಉತ್ತರಕ್ಕೆ, ಜಪಾನ್ ಸಮುದ್ರದ ದಂಡೆಯ ತಾಂಗೊ ಎಂಬ ಸೀಮೆಯಲ್ಲಿ.

ದಾರಿಯಲ್ಲಿ ಅಮನೊಹಶಿದಾತೆಯಲ್ಲಿ ಇಳಿದೆವು. ಕೊಲ್ಲಿಯ ಮಧ್ಯೆ ಒಂದು ಮರಳಿನ ದಿಬ್ಬ ಉದ್ದಕ್ಕೆ ಹೋಗುತ್ತದೆ. ಅದರ ತುಂಬ ಪೈನ್ ಮರಗಳು, ಎರಡೂ ಬದಿಗೆ ನೀರು. ಗುಡ್ಡದ ಮೇಲೆ ನಿಂತು, ಅದಕ್ಕೆ ಬೆನ್ನು ಹಾಕಿ, ಬಗ್ಗಿ ಕಾಲುಗಳ ನಡುವಿನಿಂದ ನೋಡುವುದು ಅಲ್ಲಿನ ರೂಢಿ. ಹಾಗೆ ನೋಡಿದರೆ ಸಮುದ್ರ ಆಕಾಶವಾಗಿ, ದಿಬ್ಬ ಸೇತುವೆಯಂತೆ ಕಾಣುತ್ತದೆ ಎನ್ನುತ್ತಾರೆ. ಸೂಟು ಹಾಕಿದ ಗಂಡಸರೂ ಗಂಭೀರವಾಗಿ ಬಗ್ಗುತ್ತಿದ್ದರು. ನಾನೂ ಬಗ್ಗಿದೆ. ನನಗೆ ಕಂಡದ್ದು ನಮ್ಮೂರ ಕಡೆಯ ಮರವಂತೆ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಯಾರೂ ಬಗ್ಗುವುದಿಲ್ಲ. ಕಾರು ನಿಲ್ಲಿಸಿ ಬೊಂಡದ ಎಳನೀರು ಕುಡಿದು ಹೋಗುತ್ತಾರೆ. ಅತ್ತಿಗೆಯ ತವರು ಕಿರಿಮಂಜೇಶ್ವರ. ಅಣ್ಣನ ಮದುವೆಯ ದಿಬ್ಬಣದ ಬಸ್ಸು ಆ ರಸ್ತೆಯಲ್ಲಿ ಹೋಗುವಾಗ ಅಮ್ಮ ಕಿಟಕಿಯಿಂದ ಕಡಲನ್ನೇ ನೋಡುತ್ತಾ, ಸೀರೆಯ ನೆರಿಗೆ ಉಪ್ಪುಗಾಳಿಗೆ ಹಾಳಾಯಿತೆಂದು ಬೈಯುತ್ತಿದ್ದಳು. ತಲೆ ಕೆಳಗಾಗಿ ರಕ್ತ ಮುಖಕ್ಕೆ ಇಳಿಯುವವರೆಗೆ ಹಾಗೇ ನಿಂತಿದ್ದೆ. ಸಹೋದ್ಯೋಗಿ ನನ್ನ ಭುಜ ಮುಟ್ಟಿ, “ಸಾಕು, ತಲೆ ತಿರುಗುತ್ತದೆ” ಎಂದಳು.

ಹಳ್ಳಿಯಲ್ಲಿ ಗದ್ದೆಗಳು ಕಡಲಿನವರೆಗೂ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು. ಕೊಯ್ಲು ಆಗಷ್ಟೇ ಮುಗಿದಿತ್ತು. ಮರದ ಗಳುಗಳ ಮೇಲೆ ಭತ್ತದ ಸಿವುಡುಗಳನ್ನು ಕದಿರು ಕೆಳಗಾಗಿ ಬಿಸಿಲಿಗೆ ತೂಗುಹಾಕಿದ್ದರು. ಹುಲ್ಲಿನ ವಾಸನೆ ನಮ್ಮ ಊರಿನದೇ. ಸಹೋದ್ಯೋಗಿಯ ತಾಯಿ ಎಂಬತ್ತು ದಾಟಿದ ಅಜ್ಜಿ. ಗದ್ದೆ ಕೆಲಸದಿಂದ ಸೊಂಟ ಬಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು. ಮನೆಯಲ್ಲಿ ಈಗ ಆಕೆಗಿಂತ ಹಿರಿಯರು ಗೋಡೆಯ ಮೇಲಿನ ಫೋಟೊಗಳಲ್ಲಿದ್ದರು.

ಊಟಕ್ಕೆ ಹೊಸ ಅಕ್ಕಿಯ ಅನ್ನ. ಅಜ್ಜಿ ಮೊದಲು ಒಂದು ಪುಟ್ಟ ಬಟ್ಟಲಿನಲ್ಲಿ ಅನ್ನವಿಟ್ಟು ತೀರಿಹೋದ ಹಿರಿಯರ ಪೀಠದ ಮುಂದೆ ಗಂಟೆ ಬಾರಿಸಿ ಬಂದರು. ಆಮೇಲೆ ನಮಗೆ ಬಡಿಸಿದರು. ಸುಟ್ಟ ಬಂಗುಡೆ, ಬದನೆಯ ಉಪ್ಪಿನಕಾಯಿ, ಸಾರು. ನಾನು ಮೀನು ತಿಂದೆ, ಬದನೆ ತಿಂದೆ, ಸಾರು ಕುಡಿದೆ. ಅನ್ನದ ಬಟ್ಟಲಿನಿಂದ ಹಬೆ ಏಳುತ್ತಿತ್ತು.

“ಅನ್ನ ಗಟ್ಟಿಯಾಗಿದೆಯೇ?” ಅಜ್ಜಿ ಮಗಳನ್ನು ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೊಟ್ಟೆ ಸರಿಯಿಲ್ಲ ಎಂದು ಆಫೀಸಿನಲ್ಲಿ ಹೇಳುವುದು ನನಗೆ ರೂಢಿಯೇ ಆಗಿತ್ತು. ಆದರೆ ಮೀನು ತಿಂದ ಮೇಲೆ ಆ ಮಾತು ನಿಲ್ಲುವಂತಿರಲಿಲ್ಲ. ಇದ್ದದ್ದನ್ನು ಹೇಳಿದೆ: ಹೊಸ ಅಕ್ಕಿ ಉಣ್ಣುವ ಮೊದಲು ನಮ್ಮಲ್ಲಿ ಹಿರಿಯರನ್ನು ಕೇಳಬೇಕು, ನನಗೆ ಹಿರಿಯನೆಂದರೆ ಅಣ್ಣ, ಇನ್ನೂ ಕೇಳಿಲ್ಲ. ಸಹೋದ್ಯೋಗಿ ಅದನ್ನು ತಾಯಿಗೆ ಹೇಳಿದಳು. ನಾವಿಬ್ಬರು ಮಾತಾಡುವುದಿಲ್ಲ ಎಂಬುದನ್ನು ನಾನು ಹೇಳಲಿಲ್ಲ.

ಅಜ್ಜಿ ತಲೆಯಾಡಿಸಿದರು. “ಹಾಗಾದರೆ ಕೇಳಲಿ. ಕಿಸೆಯಲ್ಲಿ ಫೋನ್ ಇದೆಯಲ್ಲ” ಎಂದು, ನನ್ನ ಬಟ್ಟಲಿಗೆ ಮುಚ್ಚಳ ಮುಚ್ಚಿದರು. ಆಮೇಲೆ ತಮ್ಮ ಊಟದ ಕಡ್ಡಿಗಳನ್ನೂ ಕೆಳಗಿಟ್ಟು ಕೂತರು. ಮಗಳೂ ಕಡ್ಡಿ ಕೆಳಗಿಟ್ಟಳು. ಇಬ್ಬರೂ ನನಗಾಗಿ ಊಟ ನಿಲ್ಲಿಸಿ ಕಾಯುತ್ತಿದ್ದರು.

ಊರಿನಲ್ಲಿ ಆಗ ಬೆಳಗಿನ ತಿಂಡಿಯ ಹೊತ್ತು. ಅಣ್ಣನ ಹೋಟೆಲ್ ಬ್ರಹ್ಮಾವರದಲ್ಲಿ, ಹೆದ್ದಾರಿಯ ಬದಿಗೆ. ಫೋನ್ ಎತ್ತಿದಾಗ ಮೊದಲು ಕೇಳಿಸಿದ್ದು ಪಾತ್ರೆಗಳ ಸದ್ದು, “ಎರಡ್ ಬನ್ಸ್, ಒಂದ್ ಕಷಾಯ” ಎಂದು ಯಾರೋ ಕೂಗಿದ್ದು.

“ಎಂತಾ?” ಎಂದ ಅಣ್ಣ. “ಹುಶಾರಿದ್ಯಾ?”

“ಹುಶಾರಿದ್ದೆ.”

“ಮತ್ತೆಂತ ಈ ಹೊತ್ತಿಗೆ? ಆಸ್ಪತ್ರೆ ಗೀಸ್ಪತ್ರೆ ಎಂತದೂ ಅಲ್ಲ ಅಲ್ದಾ?”

“ಅಲ್ಲ. ಇಲ್ಲೊಬ್ರ ಮನಿಗೆ ಊಟಕ್ಕ್ ಬಂದಿದ್ದೆ. ಹೊಸ ಅಕ್ಕಿ ಅನ್ನ ಬಡ್ಸಿದ್ರ್.” ಆಮೇಲೆ ಕೇಳಿದೆ, “ಅಣ್ಣ, ಹೊಸ್ತ್ ಉಂತೆ.”

ಅವನು ಗಲ್ಲಾದ ಮುಂದೆ ನಿಂತ ಯಾರಿಗೋ, “ಚಿಲ್ರೆ ಇಲ್ಲೆ ಮಾರಾಯ್ರೆ, ಸ್ಕ್ಯಾನ್ ಮಾಡಿ” ಎಂದ. ಆಮೇಲೆ ನನಗೆ:

“ಇಷ್ಟ್ ಸಮಯ ಎಂತ ತಿಂತಿದ್ದೆ ಅಲ್ಲ್?”

“ಹಳೆ ಅಕ್ಕಿ. ಇಲ್ದಿದ್ರೆ ಶ್ಯಾವಿಗೆ.”

“ಎರಡ್ ವರ್ಷ?”

“ಹೂಂ.”

“ಮರ್ಲ್ ನಿಂಗೆ, ಹುಚ್ಚ್. ಜಪಾನಿಗೆ ಹೋಯ್ ಶ್ಯಾವಿಗೆ ತಿಂದ್ಕಂಡ್ ಕೂಕಂಡಿದ್ಯಲೆ.”

“ಮನೇಲ್ ಹೊಸ್ತ್ ಆಯಿಲ್ಲೆ ಅಲ್ದಾ. ನೀ ಬಿಟ್ಟೆ.”

“ಗದ್ದೆ ಇಲ್ಲೆ ಅಂದಿದ್ನಲೆ.”

“ಗದ್ದೆ ಇಲ್ದಿದ್ದವ್ರೆಲ್ಲ ಮಾಡ್ತ್ರ್. ಪೇಟೇಲ್ ಕದ್ರ್ ಸಿಕ್ಕತ್ತ್. ಅತ್ತಿಗೆ ಅಪ್ಪನ ಮನೇಲ್ ಗದ್ದೆ ಇತ್ತ್.”

ಪಾತ್ರೆಯ ಸದ್ದು ಕಡಿಮೆಯಾಯಿತು. ಅವನು ಎದ್ದು ಹೊರಗೆ ಬಂದಿರಬೇಕು, ಲಾರಿಗಳ ಸದ್ದು ಕೇಳಿಸಿತು.

“ಅಲ್ಲಿಂದ್ಲೇ ತರ್ಸಿದ್ಲ್ ಹೋದ ವರ್ಷ” ಎಂದ. “ಕದ್ರ್ ಕಟ್ಟಿ, ಪಾಯ್ಸ ಮಾಡಿ, ಎಲೆಯೂ ಹಾಕಿದ್ಲ್. ನಾ ಕೂತೆ. ಕೂತ್ಕಂಡ್ ಯಾರನ್ನ್ ಕೇಂಬುದ್? ಮಗಳಿಗೆ ನಾನಿದ್ದೆ. ನಿಂಗೂ ನಾನಿದ್ದೆ. ನಂಗೆ? ಅಮ್ಮ ಇಲ್ಲೆ. ಬೇಲಿ ಹತ್ರ ಹೋಪ ಅಂದ್ರೆ ಆಚೆಮನಿ ಅಜ್ಜಿಯೂ ಇಲ್ಲೆ. ಬೊಂಬಾಯಿಗೆ ಮಗಳ ಮನಿಗೆ ಹೋದವ್ರ್ ಅಲ್ಲೇ ತೀರಿಹೋದ್ರ್. ಎದ್ದ್ ಬಂದೆ. ಹೋಟ್ಲಿಗೆ ಬಂದ್ ದೋಸೆ ತಿಂದೆ.”

ಅತ್ತಿಗೆ ಇದನ್ನು ನನಗೆ ಹೇಳಿರಲಿಲ್ಲ. ಗಂಡ ಎಲೆಯ ಮುಂದಿನಿಂದ ಎದ್ದು ಹೋದದ್ದನ್ನು ಹೊರಗೆ ಹೇಳುವ ಹೆಂಗಸಲ್ಲ ಆಕೆ. ಸುದ್ದಿಯನ್ನು ಒಬ್ಬರ ಬಾಯಿಂದ ಕೇಳಿ ಬರೆಯಬಾರದು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನು. ಮನೆಯ ಸುದ್ದಿಯನ್ನು ಮಾತ್ರ ಅತ್ತಿಗೆಯ ಬಾಯಿಂದಷ್ಟೇ ಕೇಳಿದ್ದೆ; ಅಣ್ಣನ ಮುಂದೆ ಕೂತು ಕೇಳಲು ನಾನು ಊರಿನಲ್ಲಿರಲಿಲ್ಲ.

ಅಣ್ಣ ಏನನ್ನುತ್ತಾನೆ ಎಂದು ಅಜ್ಜಿ ಮಗಳ ಮೂಲಕ ಕೇಳಿದರು. ಅವನಿಗೆ ಕೇಳಲು ಹಿರಿಯರು ಯಾರೂ ಉಳಿದಿಲ್ಲ, ಅದಕ್ಕೇ ಅವನೂ ಹೊಸ ಅಕ್ಕಿ ಉಂಡಿಲ್ಲ ಎಂದೆ. ಅವನಿಗೆಷ್ಟು ವಯಸ್ಸು ಎಂದರು. ಐವತ್ತು ದಾಟಿದೆ ಎಂದೆ.

“ಚಿಕ್ಕವನೇ” ಎಂದರು ಅಜ್ಜಿ. ಕೈ ಚಾಚಿ, ಅಲ್ಲಿನವರು ಏನನ್ನಾದರೂ ತೆಗೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ನನ್ನ ಫೋನ್ ತೆಗೆದುಕೊಂಡರು. ಕಿವಿಗಿಡಲಿಲ್ಲ. ಬಾಯಿಯ ಹತ್ತಿರ ಹಿಡಿದು ಒಂದೇ ಮಾತು ಹೇಳಿದರು. “ತಾಬೆನಸಾಯ್.” ಫೋನನ್ನು ನನಗೆ ಹಿಂದಕ್ಕೆ ಕೊಟ್ಟರು.

“ಯಾರ್ ಅದ್? ಎಂತ ಹೇಳ್ರ್?” ಎಂದ ಅಣ್ಣ.

“ಈ ಮನಿ ಅಜ್ಜಿ. ಎಂಬತ್ತ್ ದಾಟಿತ್ತ್. ಉಣ್ ಅಂದ್ರ್.”

“ನಂಗಾ?”

“ನಿಂಗೇ.”

ಒಂದು ಲಾರಿ ಹಾರ್ನ್ ಹಾಕಿಕೊಂಡು ಹೋಯಿತು. 

“ಅವ್ರೂ ಉಣ್ದೆ ಕೂಕಂಡಿದ್ರಾ?”

“ಹೂಂ. ನಾ ಕೇಂಬುದನ್ನ್ ಕಾಯ್ತಿದ್ರ್.”

“ಹಿರಿಯರ್ನ ಎಂತಕ್ಕೆ ಉಪಾಸ ಕೂರ್ಸಿದ್ದೆ ಮಾರಾಯ್ತಿ” ಎಂದ. “ಉಣ್. ನಾ ಹೇಳ್ದೆ, ಉಣ್. ಇಡ್ತೆ, ಇಲ್ಲ್ ಜನ ಇತ್ತ್.”

ಮುಚ್ಚಳ ತೆಗೆದಾಗ ಹಬೆ ಇರಲಿಲ್ಲ. ಅಜ್ಜಿ ಬಿಸಿ ಅನ್ನ ತರುತ್ತೇನೆಂದು ಎದ್ದರೂ ನಾನು ಬಿಡಲಿಲ್ಲ. ಅನ್ನ ಹೊಳೆಯುತ್ತಿತ್ತು, ಸ್ವಲ್ಪ ಅಂಟುತ್ತಿತ್ತು, ಅಗಿದಷ್ಟೂ ಸಿಹಿಯಾಗುತ್ತಿತ್ತು. ಆ ದೇಶದಲ್ಲಿ ನಾನು ಉಂಡ ಅನ್ನಗಳಲ್ಲಿ ಅದೇ ಚೆನ್ನಾದದ್ದು. ನಮ್ಮ ಮನೆಯ ದಪ್ಪ ಕುಚ್ಚಲಕ್ಕಿಗೂ ಅದಕ್ಕೂ ಹೋಲಿಕೆ ಇರಲಿಲ್ಲ. ಆದರೂ ನಾನು ಕುಚ್ಚಲಕ್ಕಿಯನ್ನೇ ನೆನೆಯುತ್ತಿದ್ದೆ. ಅಜ್ಜಿ ಎರಡನೇ ಬಾರಿ ಬಡಿಸಿದರು.

ಸುಮಾರು ಮೂರು ವಾರಗಳ ಮೇಲೆ, ಕೆಲಸದ ದಿನವೊಂದರ ಸಂಜೆ, ಡೆಸ್ಕಿನಲ್ಲಿದ್ದಾಗ ಅತ್ತಿಗೆಯ ವೀಡಿಯೊ ಕರೆ ಬಂತು. ಊರಿನಲ್ಲಿ ಮಧ್ಯಾಹ್ನ.

“ಮೊದ್ಲ್ ಕಾಣ್” ಎಂದು ಆಕೆ ಫೋನನ್ನು ಮನೆ ಸುತ್ತ ತಿರುಗಿಸಿದಳು. ಬಾಗಿಲಿಗೆ ಕದಿರು ಕಟ್ಟಿತ್ತು. ಬಾವಿಗೆ, ಅಕ್ಕಿಯ ಡಬ್ಬಕ್ಕೆ, ತೆಂಗಿಗೆ ಕಟ್ಟಿತ್ತು. ಗದ್ದೆ ಇದ್ದ ಜಾಗದ ಕೆಂಪು ಮಣ್ಣಿನ ಮೇಲೆ ಹೋಟೆಲಿನ ಸಾಮಾನಿನ ಗಾಡಿ ನಿಂತಿತ್ತು, ಅದರ ಕನ್ನಡಿಗೂ ಒಂದು ಕಟ್ಟು. ಎಲ್ಲವೂ ಬೇಗ ಬೇಗ ಸರಿದುಹೋಗುತ್ತಿತ್ತು. ನಿಲ್ಲಿಸು ಎನ್ನಬೇಕೆನಿಸಿತು. ಬಾಗಿಲಿನ ಕಟ್ಟನ್ನು ಯಾರು ಕಟ್ಟಿದ್ದು, ಹಲಸಿನ ಎಲೆ ಹೊರಗೆ ಬರುವಂತೆ ಕಟ್ಟಿದ್ದಾರೆಯೇ ಎಂದು ನೋಡುವಷ್ಟರಲ್ಲಿ ಊಟದ ಎಲೆಗಳ ಸಾಲು ಬಂತು.

ಅಣ್ಣ ಪಂಚೆ ಉಟ್ಟು ಕೂತಿದ್ದ. ಕೂದಲು ಬೆಳ್ಳಗಾಗಿತ್ತು. ಅತ್ತಿಗೆ ಅವನನ್ನು ಕೇಳಿದಳು. ಮಗಳು ಇಬ್ಬರನ್ನೂ ಕೇಳಿ, ಫೋನಿನತ್ತ ತಿರುಗಿ, “ಅತ್ತೆ, ಹೊಸ್ತ್ ಉಂತೆ. ಬೇಗ ಹೇಳಿ, ಹಸು ಆತಾ ಇತ್ತ್” ಎಂದಳು. ಉಣ್ ಎಂದೆ.

ಅಣ್ಣ ಅನ್ನಕ್ಕೆ ಕೈ ಹಾಕಲಿಲ್ಲ. ಎಲೆಯ ಅಂಚನ್ನು ಬೆರಳಿನಿಂದ ಸರಿಮಾಡಿದ. ಅತ್ತಿಗೆ ಅವನನ್ನೇ ನೋಡುತ್ತಿದ್ದಳು.

“ಆ ಅಜ್ಜಿ ಎಂತ ಹೇಳಿದ್ರ್ ಅಂದ್,” ಅವನು ಫೋನಿನತ್ತ ನೋಡದೆ ಕೇಳಿದ, “ಇನ್ನೊಂದ್ ಸಲ ಹೇಳ್ ಕಾಂಬ.”

“ತಾಬೆನಸಾಯ್” ಎಂದೆ. ಎರಡು ಮೇಜಿನಾಚೆ ಸಹೋದ್ಯೋಗಿ ತಲೆ ಎತ್ತಿ ನೋಡಿದಳು.

ಅಣ್ಣ ತಲೆ ತಗ್ಗಿಸಿ ಮೊದಲ ತುತ್ತು ಉಂಡ.

ಅತ್ತಿಗೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟಳು. ಅದು ಜಾರಿ, ನನಗೆ ಮಾಡಿನ ಹಂಚು, ತಿರುಗುವ ಫ್ಯಾನು ಮಾತ್ರ ಕಾಣುತ್ತಿದ್ದವು. ಯಾರೂ ಗಮನಿಸಲಿಲ್ಲ. ಉಣ್ಣುವ ಸದ್ದು, ಸೌಟಿನ ಸದ್ದು ಕೇಳುತ್ತಿತ್ತು. “ಪಾಯ್ಸ ಯಾರಿಗೆ?” ಎಂದಳು ಅತ್ತಿಗೆ. “ನಂಗೊಂಚೂರ್” ಎಂದ ಅಣ್ಣ. ನನ್ನ ಮುಂದಿನ ಪರದೆಯಲ್ಲಿ ತಿದ್ದಬೇಕಾದ ವರದಿಯೊಂದು ಕಾಯುತ್ತಿತ್ತು. ಅವರು ಉಂಡು ಏಳುವವರೆಗೆ ನಾನು ಫೋನ್ ಇಡಲಿಲ್ಲ.